ಪುಸ್ತಕದಲ್ಲಿ ಇಲ್ಲದ ‘ನಾನು’

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ಓದಿದ ‘ಇನ್ ಕೋಲ್ಡ್ ಬ್ಲಡ್’ ನನ್ನ ಅಚ್ಚುಮೆಚ್ಚಿನ ಪುಸ್ತಕ. ಮೂರು ಬಾರಿ ಓದಿದ್ದೇನೆ. ಅದನ್ನು ಬರೆದ ಟ್ರೂಮನ್ ಕಪೋಟಿಯ ಕುರಿತ ‘ಕಪೋಟಿ’ ಸಿನಿಮಾವನ್ನು ಮೊನ್ನೆ ನೋಡಿದೆವು. ಮುಗಿಯುವ ಹೊತ್ತಿಗೆ ನನಗೆ ಮೈ ಉರಿಯುತ್ತಿತ್ತು. ಎಂಥ ಜಂಬಗಾರ, ಎಂಥ ಸುಳ್ಳುಗಾರ! ಸಾಯಲಿರುವವನ ಸ್ನೇಹವನ್ನೂ ಸರಕು ಮಾಡಿಕೊಂಡವನು. ‘ಮೆಚ್ಚುವಂಥವನೇ ಇಲ್ಲದ ಮೇಲೆ ಅದೆಂಥ ಸಿನಿಮಾ’ ಎಂದು ನಮ್ಮ ಯಜಮಾನರು ಅರ್ಧಕ್ಕೇ ಎದ್ದುಹೋದರು. ನನಗೆ ಸಿನಿಮಾ ಚೆನ್ನಾಗಿದೆ ಎಂದೇ ಅನ್ನಿಸಿತು. ಆದರೆ ಈ ಸಿಟ್ಟು ಯಾರ ಮೇಲೆ ಎಂಬುದು ತಿಳಿಯುತ್ತಿಲ್ಲ. ಅವನ ಮೇಲೋ, ಸಿನಿಮಾದ ಮೇಲೋ, ಇಷ್ಟು ವರ್ಷ ಅವನನ್ನು ಮೆಚ್ಚಿಕೊಂಡಿದ್ದ ನನ್ನ ಮೇಲೋ? ಆ ಪುಸ್ತಕವನ್ನು ಇನ್ನು ಮೊದಲಿನಂತೆ ಓದಲಾದೀತೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಮೊದಲಿನಂತೆ ಓದಲಾಗುವುದಿಲ್ಲ. ನನ್ನ ಅನುಭವದಲ್ಲಿ, ಇನ್ನೂ ಚೆನ್ನಾಗಿ ಓದಲಾಗುತ್ತದೆ. ಏಕೆಂಬುದನ್ನು ಹೇಳಲು ಸ್ವಲ್ಪ ಸುತ್ತಿ ಬರಬೇಕು.

ಸಿನಿಮಾ ನೋಡದವರಿಗಾಗಿ ಕಥೆ ಇಷ್ಟು. 1959ರ ನವೆಂಬರ್ 15ರ ನಸುಕಿನಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಹೋಲ್ಕಮ್ ಎಂಬ ಪುಟ್ಟ ಊರಿನಲ್ಲಿ ಹರ್ಬರ್ಟ್ ಕ್ಲಟರ್ ಎಂಬ ರೈತ, ಆತನ ಹೆಂಡತಿ ಬಾನಿ, ಮಗಳು ನ್ಯಾನ್ಸಿ, ಮಗ ಕೆನ್ಯನ್ ನಾಲ್ವರೂ ಮನೆಯಲ್ಲೇ ಕೊಲೆಯಾದರು. ಪತ್ರಿಕೆಯ ಒಂದು ಚಿಕ್ಕ ಸುದ್ದಿಯಲ್ಲಿ ಅದನ್ನು ಓದಿದ ಕಪೋಟಿ, ಬಾಲ್ಯದ ಗೆಳತಿ, ಲೇಖಕಿ ಹಾರ್ಪರ್ ಲೀಯನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋದ. ಒಂದು ಲೇಖನಕ್ಕೆಂದು ಹೋದವನು ಸುಮಾರು ಆರು ವರ್ಷ ಆ ಕೊಲೆಗೇ ಅಂಟಿಕೊಂಡ. ಕೊಲೆಗಾರರಾದ ಪೆರಿ ಸ್ಮಿತ್ ಮತ್ತು ರಿಚರ್ಡ್ ಹಿಕಾಕ್ 1965ರ ಏಪ್ರಿಲ್ 14ರಂದು ಗಲ್ಲಿಗೇರಿದರು. ಅದೇ ವರ್ಷ ಬರಹ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು, 1966ರ ಜನವರಿಯಲ್ಲಿ ಪುಸ್ತಕವಾಯಿತು. ಅವರಿಬ್ಬರು ಗಲ್ಲಿಗೇರುವವರೆಗೆ ಪುಸ್ತಕಕ್ಕೆ ಕೊನೆಯಿಲ್ಲ; ಅಷ್ಟರಲ್ಲಿ ಪೆರಿ ಕಪೋಟಿಗೆ ಹತ್ತಿರದವನಾಗಿಬಿಟ್ಟಿದ್ದಾನೆ. ಇದು ಸಿನಿಮಾದ ಗಂಟು. ಬೆನೆಟ್ ಮಿಲ್ಲರ್ ನಿರ್ದೇಶನದಲ್ಲಿ 2005ರಲ್ಲಿ ತೆರೆಕಂಡ ಈ ಚಿತ್ರದಲ್ಲಿನ ಕಪೋಟಿ ಪಾತ್ರದ ಅಭಿನಯಕ್ಕಾಗಿ ಫಿಲಿಪ್ ಸೀಮೋರ್ ಹಾಫ್‌ಮನ್ ಆಸ್ಕರ್ ಪಡೆದರು.

ಈಗ ನಿಮ್ಮ ಪುಸ್ತಕದ ಕಪಾಟಿನ ಹತ್ತಿರ ಹೋಗಿ. ‘ಇನ್ ಕೋಲ್ಡ್ ಬ್ಲಡ್’ ತೆಗೆದು, ಅದರಲ್ಲಿ ಲೇಖಕ ‘ನಾನು’ ಎಂದು ಹೇಳಿಕೊಳ್ಳುವ ಒಂದು ಸಾಲನ್ನು ಹುಡುಕಿ. ಸಿಗುವುದಿಲ್ಲ. ಆರು ವರ್ಷ ಆ ಊರಿನ ಊಟದ ಮೇಜುಗಳಲ್ಲಿ, ಸೆರೆಮನೆಯ ಕೋಣೆಗಳಲ್ಲಿ ಕೂತೆದ್ದವನು ಪುಸ್ತಕದಲ್ಲಿ ಎಲ್ಲೂ ಕೂತಿಲ್ಲ. ಕೊನೆಕೊನೆಗೆ ಒಬ್ಬ ಹೆಸರಿಲ್ಲದ ಪತ್ರಕರ್ತನ ಉಲ್ಲೇಖ ಬರುತ್ತದೆ, ಅಷ್ಟೇ. ತಾನು ಎಲ್ಲೂ ಕಾಣಿಸಿಕೊಳ್ಳದಂತೆ ಬರೆಯುವುದೇ ಆ ಪುಸ್ತಕದ ಅತಿ ಕಷ್ಟದ ಕೆಲಸವಾಗಿತ್ತೆಂದು ಕಪೋಟಿ ಆಗಲೇ ಹೇಳಿಕೊಂಡಿದ್ದ. ಅದು ಜಂಬದ ಮಾತೂ ಹೌದು, ನಿಜವೂ ಹೌದು. ನೀವು ಮೂರು ಬಾರಿ ಓದಿದಾಗಲೂ ಪೆರಿಯ ಬಾಲ್ಯ, ಹಿಕಾಕ್‌ನ ಕುಚೋದ್ಯ, ನ್ಯಾನ್ಸಿಯ ಕೊನೆಯ ದಿನ ಎಲ್ಲವೂ ತಾವಾಗಿಯೇ ಹರಿದುಬಂದವು ಎಂಬ ಭಾವನೆಯಲ್ಲೇ ಓದಿದ್ದೀರಿ. ಆ ಭಾವನೆ ಹುಟ್ಟಿಸಿದ್ದೇ ಅವನ ಕೈಚಳಕ. ಯಾರೋ ಒಬ್ಬರು ಎದುರು ಕೂತು ಕೇಳದಿದ್ದರೆ ಪೆರಿ ಆ ಮಾತುಗಳನ್ನು ಆಡುತ್ತಲೇ ಇರಲಿಲ್ಲ.

ಸಿನಿಮಾ ಮಾಡಿದ್ದು ಇಷ್ಟೇ: ಪುಸ್ತಕ ಅಳಿಸಿಹಾಕಿದ್ದ ಆ ಕುರ್ಚಿಯನ್ನು ತಂದಿಟ್ಟು, ಅದರ ಮೇಲೆ ಅವನನ್ನು ಕೂರಿಸಿತು. ಆದ್ದರಿಂದ ನಿಮ್ಮ ಸಿಟ್ಟಿನಲ್ಲಿ ಒಂದು ಪಾಲು ಮೋಸಹೋದವರ ಸಿಟ್ಟು. ಪುಸ್ತಕದಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದ ಜಾಗದಲ್ಲಿ ಮೊದಲಿನಿಂದಲೂ ಒಬ್ಬ ಕೂತಿದ್ದ, ಅವನು ನಿಮಗೆ ಹಿಡಿಸುವ ಮನುಷ್ಯನಲ್ಲ.

ರೈಲಿನ ದೃಶ್ಯ ನೆನಪಿದೆಯೇ? ಲೀ ಮತ್ತು ಕಪೋಟಿ ಕಾನ್ಸಾಸ್‌ಗೆ ಹೋಗುತ್ತಿದ್ದಾರೆ. ಸಾಮಾನು ತಂದಿಟ್ಟ ಪರಿಚಾರಕ ಕಪೋಟಿಯ ಬರವಣಿಗೆಯನ್ನು ಬಾಯ್ತುಂಬ ಹೊಗಳಿ ಹೊರಡುತ್ತಾನೆ. ಲೀ ಒಂದು ಕ್ಷಣ ಸುಮ್ಮನಿದ್ದು, ಹಾಗೆ ಹೇಳಲು ನೀನೇ ಅವನಿಗೆ ದುಡ್ಡು ಕೊಟ್ಟಿದ್ದೀ ಎನ್ನುತ್ತಾಳೆ. ಕಪೋಟಿಗೆ ನಾಚಿಕೆಯಾಗುವುದಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳುತ್ತಾನೆ. ಕೊನೆಯ ಸಾಲಿನಿಂದ, ಎನ್ನುತ್ತಾಳೆ ಅವಳು. ಆ ಸಾಲು ಸ್ವಲ್ಪ ಅತಿಯಾಯಿತೇ ಎಂಬುದು ಅವನ ಮುಂದಿನ ಚಿಂತೆ.

ನಾನು ಚಿತ್ರಕಥೆಯ ಪಾಠದಲ್ಲಿ ಈ ದೃಶ್ಯವನ್ನು ಮತ್ತೆ ಮತ್ತೆ ತೋರಿಸುತ್ತೇನೆ. ಬಾಡಿಗೆ ಹೊಗಳಿಕೆ ತರಿಸಿಕೊಳ್ಳುವವನು ನಗೆಪಾಟಲಿನ ಮನುಷ್ಯ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಚುಟುಕು. ಆದರೆ ಸಿಕ್ಕಿಬಿದ್ದ ಮೇಲೂ ಅವನಿಗೆ ಕಾಣುವುದು ಸಾಲಿನ ತೂಕ. ಮರ್ಯಾದೆ ಹೋದದ್ದಕ್ಕಿಂತ ವಾಕ್ಯ ಕೆಟ್ಟದ್ದು ಅವನಿಗೆ ಹೆಚ್ಚು ನೋವಿನ ಸಂಗತಿ. ಅವನ ಕೆಟ್ಟತನ ಮತ್ತು ಅವನ ಕಸುಬು ಒಂದೇ ಬೇರಿನವು ಎಂದು ಇನ್ನೂ ಕೊಲೆಯಾದ ಊರು ತಲುಪುವ ಮೊದಲೇ ಸಿನಿಮಾ ತಿಳಿಸಿಬಿಡುತ್ತದೆ.

ನ್ಯಾನ್ಸಿಯ ಗೆಳತಿಯ ಜೊತೆಗಿನ ದೃಶ್ಯವಂತೂ ಇದಕ್ಕಿಂತ ಸೂಕ್ಷ್ಮ. ಹುಡುಗಿ ಮಾತನಾಡಲು ಹಿಂಜರಿಯುತ್ತಿದ್ದಾಳೆ. ಕಪೋಟಿ ಪ್ರಶ್ನೆ ಕೇಳುವುದಿಲ್ಲ. ತನ್ನ ವಿಚಿತ್ರ ದನಿಯಿಂದಾಗಿ, ತಾನಿರುವ ರೀತಿಯಿಂದಾಗಿ ಚಿಕ್ಕಂದಿನಿಂದಲೂ ಜನ ತನ್ನನ್ನು ಇಂಥವನೇ ಎಂದು ತೀರ್ಮಾನಿಸಿಬಿಡುತ್ತಾರೆ, ಯಾವಾಗಲೂ ತಪ್ಪಾಗಿ ತೀರ್ಮಾನಿಸುತ್ತಾರೆ ಎಂದು ಮೆಲ್ಲಗೆ ಹೇಳಿಕೊಳ್ಳುತ್ತಾನೆ. ಹುಡುಗಿ ಎದ್ದುಹೋಗಿ ನ್ಯಾನ್ಸಿಯ ದಿನಚರಿಯನ್ನು ತಂದು ಅವನ ಕೈಗೆ ಕೊಡುತ್ತಾಳೆ. ಅವನು ಹೇಳಿದ್ದು ಸುಳ್ಳೇ? ಅಲ್ಲವೇ ಅಲ್ಲ. ಕಪೋಟಿ ಅಂಥ ದನಿ, ಅಂಥ ನಡೆನುಡಿ ಇದ್ದವನೇ, ಅದಕ್ಕಾಗಿ ಜೀವನವಿಡೀ ಅಪಹಾಸ್ಯ ಉಂಡವನೇ. ಹಾಗಾದರೆ ಅದು ಪ್ರಾಮಾಣಿಕ ಮಾತೇ? ಅದೂ ಅಲ್ಲ, ದಿನಚರಿ ಬೇಕಾಗಿತ್ತು, ಅದಕ್ಕೆ ಸರಿಯಾದ ಬೆಲೆಯನ್ನು ತೆತ್ತ. ಮುಂದೆ ಪೆರಿಯ ಮುಂದೆಯೂ ಇದನ್ನೇ ಮಾಡುತ್ತಾನೆ. ತಾಯಿ ತನ್ನನ್ನು ಹೋಟೆಲ್ ಕೋಣೆಯಲ್ಲಿ ಕೂಡಿಹಾಕಿ ಹೋಗುತ್ತಿದ್ದ ರಾತ್ರಿಗಳ ಕಥೆ ಹೇಳುತ್ತಾನೆ. ಅದೂ ನಿಜವೇ. ತನ್ನ ಗಾಯವನ್ನೇ ನಾಣ್ಯದಂತೆ ಚಲಾಯಿಸುವ ಮನುಷ್ಯ ಇವನು. ಪೆರಿ ಊಟ ಬಿಟ್ಟು ಬಿದ್ದುಕೊಂಡಾಗ ಮಗುವಿಗೆ ತಿನ್ನಿಸುವ ಆಹಾರ ತಂದು ಚಮಚದಲ್ಲಿ ಬಾಯಿಗಿಡುವ ಕೈಯೂ ಅದೇ. ಆ ಚಮಚದಲ್ಲಿ ಕರುಣೆ ಎಷ್ಟು, ಪುಸ್ತಕದ ಲೆಕ್ಕಾಚಾರ ಎಷ್ಟು ಎಂದು ಬೇರ್ಪಡಿಸಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಆಗಿಲ್ಲ. ಹಾಫ್‌ಮನ್ ಅದನ್ನು ಬೇರ್ಪಡಿಸಲು ಬಿಡುವುದೇ ಇಲ್ಲ.

ಹಾಗೆಂದು ಸಿನಿಮಾದ ತಕ್ಕಡಿ ಸಮವಾಗಿದೆ ಎಂದು ತಿಳಿಯಬೇಡಿ. ಲೇಖಕರ ಕುರಿತ ಎಲ್ಲ ಸಿನಿಮಾಗಳಿಗೂ ಒಂದು ಹುಟ್ಟುದೋಷವಿದೆ. ನಡತೆಯನ್ನು ಕ್ಯಾಮೆರಾ ತೋರಿಸಬಲ್ಲದು, ಬರವಣಿಗೆಯನ್ನು ತೋರಿಸಲಾರದು. ಸಂಗೀತಗಾರನ ಸಿನಿಮಾದಲ್ಲಿ ಹಾಡು ಕೇಳುತ್ತದೆ, ಚಿತ್ರಕಾರನ ಸಿನಿಮಾದಲ್ಲಿ ಬಣ್ಣ ಕಾಣುತ್ತದೆ. ಅವನು ಎಷ್ಟೇ ಕೆಟ್ಟವನಾಗಿರಲಿ, ಪ್ರೇಕ್ಷಕ ಆ ಹಾಡನ್ನು ಗುನುಗುತ್ತಾ ಹೊರಗೆ ಬರುತ್ತಾನೆ. ಲೇಖಕ ಮಾತ್ರ ಟೈಪ್‌ರೈಟರಿನ ಮುಂದೆ ಕೂತು ಹಣೆ ಉಜ್ಜಿಕೊಳ್ಳುತ್ತಾನೆ, ಹಾಳೆ ಹರಿಯುತ್ತಾನೆ, ಕುಡಿಯುತ್ತಾನೆ. ಮೂರು ತಿಂಗಳು ತಿದ್ದಿ ತಿದ್ದಿ ಒಂದು ಪ್ಯಾರಾ ನೆಟ್ಟಗೆ ನಿಂತ ಗಳಿಗೆಯನ್ನು ಯಾವ ಲೆನ್ಸು ಹಿಡಿಯುತ್ತದೆ? ಹೀಗಾಗಿ ಒಂದು ತಟ್ಟೆಯಲ್ಲಿ ಅವನ ಸುಳ್ಳುಗಳೆಲ್ಲ ರಾಶಿ ಬೀಳುತ್ತವೆ. ಇನ್ನೊಂದು ತಟ್ಟೆಯಲ್ಲಿ ‘ಪುಸ್ತಕ ಅದ್ಭುತವಾಗಿದೆ’ ಎಂದು ಯಾರೋ ಹೇಳುವ ಮಾತು ಬೀಳುತ್ತದೆ. ನೀವು ಮೂರು ಬಾರಿ ಓದಿದವರಾದ್ದರಿಂದ ಎರಡನೆಯ ತಟ್ಟೆಗೆ ಹಾಕಲು ನಿಮ್ಮ ಬಳಿ ಏನೋ ಇತ್ತು. ಸಿನಿಮಾ ಚೆನ್ನಾಗಿದೆ ಎಂದು ನಿಮಗೆ ಅನ್ನಿಸಿದ್ದೂ ಅದರಿಂದಲೇ ಇರಬಹುದು. ನಿಮ್ಮ ಯಜಮಾನರು ಪುಸ್ತಕ ಓದಿದ್ದಾರೆಯೇ? ನೀವು ಹೇಳಿಲ್ಲ. ಓದಿಲ್ಲವೆಂದಾದರೆ ಅವರು ನೋಡಿದ್ದು ಒಬ್ಬ ಕಿರಿಕಿರಿಯ ಮನುಷ್ಯ ಆರು ವರ್ಷ ಜನರಿಗೆ ಬೆಣ್ಣೆ ಹಚ್ಚುವ ಕಥೆಯನ್ನು. ಎದ್ದುಹೋದದ್ದಕ್ಕೆ ಅವರನ್ನು ನಾನು ದೂರುವುದಿಲ್ಲ.

ಆದರೂ ಅವರ ಆಕ್ಷೇಪಕ್ಕೆ ಒಂದು ಮಾತು. ಮೆಚ್ಚುವಂಥವರು ಇಲ್ಲ ಎಂಬುದು ಸರಿಯಲ್ಲ, ಹಾರ್ಪರ್ ಲೀ ಇದ್ದಾಳೆ. ಚಿತ್ರಕಥೆ ಬರೆದ ಡ್ಯಾನ್ ಫಟರ್‌ಮನ್ ನಮಗೆಂದೇ ಅವಳನ್ನು ಅಲ್ಲಿ ನಿಲ್ಲಿಸಿದ್ದಾರೆ. ಕಪೋಟಿ ಸುಳ್ಳು ಹೇಳಿದಾಗಲೆಲ್ಲ ನಮ್ಮ ಪರವಾಗಿ ಅವಳು ಅವನನ್ನು ನೋಡುತ್ತಾಳೆ. ಅವಳ ಕಾದಂಬರಿಯನ್ನು ಆಧರಿಸಿದ ಚಲನಚಿತ್ರದ ಮೊದಲ ಪ್ರದರ್ಶನದ ರಾತ್ರಿ ಅವನು ಬಾರ್‌ನಲ್ಲಿ ಕುಡಿದು ಕೂತು ತನ್ನ ಸಂಕಟವನ್ನೇ ಹೇಳಿಕೊಳ್ಳುತ್ತಾನೆ, ಅವಳ ಗೆಲುವಿನ ಬಗ್ಗೆ ಒಂದು ಒಳ್ಳೆಯ ಮಾತು ಬಾಯಿಂದ ಬರುವುದಿಲ್ಲ. ಆಗ ಲೀಯ ಪಾತ್ರ ಮಾಡಿದ ಕ್ಯಾಥರೀನ್ ಕೀನರ್ ಮುಖದ ಮೇಲೆ ತರುವ ದಣಿವು ನನಗೆ ಇಡೀ ಸಿನಿಮಾದಲ್ಲಿ ಬಹಳ ಇಷ್ಟವಾದದ್ದು. ಕೊನೆಗೆ ದೂರವಾಣಿಯಲ್ಲಿ, ಅವರನ್ನು ಉಳಿಸಲು ನನ್ನಿಂದ ಏನೂ ಆಗುತ್ತಿರಲಿಲ್ಲ ಎಂದು ಅವನು ಅಳಲುತೋಡಿಕೊಂಡಾಗ, ಇರಬಹುದು, ಆದರೆ ಉಳಿಸುವ ಮನಸ್ಸು ನಿನಗಿರಲಿಲ್ಲ ಎಂದು ತೀರ್ಪು ಕೊಡುವವಳೂ ಅವಳೇ.

ಇಲ್ಲಿಂದ ನನ್ನ ತಕರಾರು ಶುರು. ಆ ಆರೋಪ ಹೊಸದಲ್ಲ. ಪುಸ್ತಕ ಬಂದ 1966ರಲ್ಲೇ ಬ್ರಿಟನ್ನಿನ ವಿಮರ್ಶಕ ಕೆನೆತ್ ಟೈನನ್ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಬಹಿರಂಗವಾಗಿ ಅದನ್ನು ಹೊರಿಸಿದ್ದರು: ಸಾಯಲಿರುವವರ ಇಷ್ಟು ಹತ್ತಿರ ಇದ್ದ ದೊಡ್ಡ ಲೇಖಕ ಅವರನ್ನು ಉಳಿಸಲು ಮಾಡಬಹುದಾಗಿದ್ದಷ್ಟನ್ನು ಮಾಡಲಿಲ್ಲ ಎಂದು. ಕಪೋಟಿ ಕೆರಳಿ ಉತ್ತರ ಕೊಟ್ಟಿದ್ದ. ಹೊರಗಿನ ವಿಮರ್ಶಕನೊಬ್ಬನ ವಾದವನ್ನು ಸಿನಿಮಾ ಗೆಳತಿಯ ಬಾಯಲ್ಲಿ ಇಟ್ಟಿತು. ವಾದವಾಗಿದ್ದಾಗ ಅದಕ್ಕೆ ಎದುರುವಾದ ಇತ್ತು; ಗೆಳತಿಯ ಬಾಯಿಗೆ ಬಂದ ಮೇಲೆ ತೀರ್ಪಾಯಿತು. ಜೊತೆಗೆ ಲೀಯನ್ನು ಇಷ್ಟು ಶುದ್ಧವಾದ ಮನಸ್ಸಾಕ್ಷಿಯಾಗಿ ಮಾಡಿದ್ದರಿಂದ ಅವಳ ಕೆಲಸ ಮರೆಯಾಯಿತು. ಅವಳು ಆ ಊರಿನಲ್ಲಿ ಸುಮ್ಮನೆ ಬೇಸರದಿಂದ ನೋಡುತ್ತಾ ನಿಂತಿರಲಿಲ್ಲ. ಮನೆಮನೆಗೆ ಹೋಗಿ ಮಾತನಾಡಿಸಿ, ಸುಮಾರು 150 ಪುಟಗಳಷ್ಟು ಟಿಪ್ಪಣಿಗಳನ್ನು ಟೈಪ್ ಮಾಡಿ ಅವನಿಗೆ ಕೊಟ್ಟಳು. ಅದಕ್ಕೆ ಪ್ರತಿಯಾಗಿ ಪುಸ್ತಕದಲ್ಲಿ ಸಿಕ್ಕಿದ್ದು ಅರ್ಪಣೆಯ ಸಾಲಿನಲ್ಲಿ ಇನ್ನೊಬ್ಬರ ಜೊತೆ ಹಂಚಿಕೊಂಡ ಹೆಸರು. ಕಪೋಟಿಯ ಮೇಲೆ ಸಿಟ್ಟಾಗಲು ಇದು ಬಾರ್ ದೃಶ್ಯಕ್ಕಿಂತ ಗಟ್ಟಿಯಾದ ಕಾರಣ. ಸಿನಿಮಾ ಇದನ್ನು ಹೆಚ್ಚು ಕೆದಕುವುದಿಲ್ಲ.

ಇನ್ನೊಂದು ಕಡೆಯೂ ಸಿನಿಮಾ ಕೈ ಹಗುರ ಮಾಡಿಕೊಂಡಿದೆ. ಮುಗಿಯುವಾಗ ಪರದೆಯ ಮೇಲೆ ಬರುವ ಒಕ್ಕಣೆಯನ್ನು ನೆನಪಿಸಿಕೊಳ್ಳಿ: ಆ ಪುಸ್ತಕದ ನಂತರ ಅವನು ಇನ್ನೊಂದು ಪುಸ್ತಕವನ್ನು ಮುಗಿಸಲೇ ಇಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಷರಾ ಅದು. ಅವನು ಹೇಳಿಕೊಂಡು ತಿರುಗಿದ ದೊಡ್ಡ ಕಾದಂಬರಿ ಅರ್ಧಕ್ಕೇ ಉಳಿದದ್ದು ನಿಜ, ಕುಡಿತ ಅವನನ್ನು ತಿಂದುಹಾಕಿದ್ದೂ ನಿಜ. 1984ರ ಆಗಸ್ಟ್‌ನಲ್ಲಿ, ಅರವತ್ತು ತುಂಬಲು ಒಂದು ತಿಂಗಳಿರುವಾಗ ಸತ್ತ. ಆದರೆ 1980ರಲ್ಲಿ ಅವನ ‘ಮ್ಯೂಸಿಕ್ ಫಾರ್ ಕಮೀಲಿಯನ್ಸ್’ ಸಂಕಲನ ಬಂದಿತ್ತು, ಅದರಲ್ಲಿ ಅವನ ಅತ್ಯುತ್ತಮ ಗದ್ಯದ ಕೆಲವು ಪುಟಗಳಿವೆ. ತಮಾಷೆಯೆಂದರೆ, ಆ ಸಂಕಲನದಲ್ಲಿ ಅವನು ‘ನಾನು’ ಎಂದುಕೊಂಡು ಪುಟಪುಟದಲ್ಲೂ ನಿಂತಿದ್ದಾನೆ. ಗಲ್ಲು ನೋಡಲು ‘ನ್ಯೂಯಾರ್ಕರ್’ ಸಂಪಾದಕ ವಿಲಿಯಂ ಶಾನ್ ಅವನ ಜೊತೆ ಬಂದಂತೆ ಸಿನಿಮಾ ತೋರಿಸುತ್ತದೆ. ನಿಜವಾಗಿ ಜೊತೆಗಿದ್ದವನು ಪ್ರಕಾಶನ ಸಂಸ್ಥೆಯ ಸಂಪಾದಕ ಜೋಸೆಫ್ ಫಾಕ್ಸ್. ಇಬ್ಬರನ್ನು ಒಬ್ಬನನ್ನಾಗಿಸುವುದು ಚಿತ್ರಕಥೆಯಲ್ಲಿ ಮಾಮೂಲು, ಅದಕ್ಕೆ ನನ್ನ ಜಗಳವಿಲ್ಲ. ಒಕ್ಕಣೆಯ ವಿಷಯದಲ್ಲಿ ಜಗಳವಿದೆ. ಸುಳ್ಳುಗಾರನ ಬಗೆಗಿನ ಸಿನಿಮಾ ಸುಳ್ಳಿನ ಹತ್ತಿರದ ಮಾತಿನಿಂದ ಮುಗಿಯಬಾರದು.

ಸಿಟ್ಟು ಅವನ ಮೇಲೋ ಸಿನಿಮಾದ ಮೇಲೋ ಎಂದಿರಿ. ಒಂದು ಪ್ರಯೋಗ ಮಾಡಿ. ಮರುವರ್ಷವೇ, 2006ರಲ್ಲಿ, ‘ಇನ್‌ಫೇಮಸ್’ ಎಂಬ ಇನ್ನೊಂದು ಸಿನಿಮಾ ಬಂತು. ಅದೇ ಕಪೋಟಿ, ಅದೇ ಕೊಲೆ, ಅದೇ ಆರು ವರ್ಷ. ಅಲ್ಲಿ ಟೋಬಿ ಜೋನ್ಸ್ ಕಪೋಟಿ, ಡೇನಿಯಲ್ ಕ್ರೇಗ್ ಪೆರಿ. ಮೊದಲರ್ಧವೆಲ್ಲ ಹರಟೆ, ಶ್ರೀಮಂತ ಗೆಳತಿಯರ ಊಟದ ಮೇಜು, ನಗು. ಪೆರಿಯ ಜೊತೆಗಿನ ಸಂಬಂಧ ಅಲ್ಲಿ ಬಹಿರಂಗವಾಗಿ ಪ್ರೇಮದ ಬಣ್ಣ ಪಡೆಯುತ್ತದೆ. ಆ ಕಪೋಟಿಯ ಮೇಲೆ ನಿಮಗೆ ಇಷ್ಟು ಸಿಟ್ಟು ಬರಲಾರದು. ಅಯ್ಯೋ ಅನ್ನಿಸೀತು. ಘಟನೆಗಳ ಪಟ್ಟಿ ಹೆಚ್ಚುಕಡಿಮೆ ಅದೇ ಇದ್ದೂ ಒಬ್ಬನ ಮೇಲೆ ಮೈ ಉರಿಯುತ್ತದೆ, ಇನ್ನೊಬ್ಬನಿಗಾಗಿ ಕಣ್ಣು ತುಂಬುತ್ತದೆ ಎಂದಾದರೆ, ಆ ಉರಿಯ ದೊಡ್ಡ ಭಾಗ ಮಿಲ್ಲರ್ ಆರಿಸಿಕೊಂಡ ಮೌನ, ಬಯಲು, ಬೂದುಬಣ್ಣ ಮತ್ತು ಹಾಫ್‌ಮನ್‌ನ ತಣ್ಣನೆಯ ಕಣ್ಣುಗಳಿಂದ ಬಂದದ್ದು. ಸಿನಿಮಾ ನಿಮ್ಮನ್ನು ಸರಿಯಾಗಿ ಮುಟ್ಟಿದೆ ಎಂದರ್ಥ. ಲೇಖಕನನ್ನು ಅಳೆಯಲು ಅದೊಂದೇ ಗಜಕಡ್ಡಿ ಸಾಲದು ಎಂದೂ ಅರ್ಥ.

ಎಲ್ಲ ಅಸಹನೀಯ ಲೇಖಕರನ್ನೂ ಒಂದೇ ಗೂಟಕ್ಕೆ ಕಟ್ಟಲಾಗದು. ನಾರ್ವೆಯ ಕ್ನೂಟ್ ಹಾಮ್ಸನ್ ಬಗ್ಗೆ ಯಾನ್ ಟ್ರೋಯೆಲ್ 1996ರಲ್ಲಿ ಒಂದು ಸಿನಿಮಾ ಮಾಡಿದ್ದಾರೆ, ಮ್ಯಾಕ್ಸ್ ಫಾನ್ ಸೀಡೊ ನಟಿಸಿದ್ದು. 1920ರಲ್ಲಿ ನೊಬೆಲ್ ಪಡೆದ ಹಾಮ್ಸನ್ 1943ರಲ್ಲಿ ಆ ಪದಕವನ್ನು ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್‌ಗೆ ಕಾಣಿಕೆ ಕೊಟ್ಟ. 1945ರ ಮೇ ತಿಂಗಳಲ್ಲಿ, ಎಲ್ಲವೂ ಮುಗಿದ ಮೇಲೆ, ಹಿಟ್ಲರನನ್ನು ಹೊಗಳಿ ಶ್ರದ್ಧಾಂಜಲಿ ಬರೆದ. ಸಿನಿಮಾದಲ್ಲಿ ಅವನು ಕಿವಿ ಕೇಳದ ಮುದುಕ, ಹೆಂಡತಿಯೊಡನೆ ಜಗಳಾಡುತ್ತಾ ಬಡಕಲಾಗುವ ಮುದುಕ; ನಮಗೆ ಮರುಕ ಹುಟ್ಟುತ್ತದೆ, ಆ ಮರುಕಕ್ಕೆ ನಾಚಿಕೆಯೂ ಆಗುತ್ತದೆ. ಅವನ ಒಳ್ಳೆಯ ಕಾದಂಬರಿಗಳು ಈ ಪಾಪಕ್ಕಿಂತ ದಶಕಗಳ ಹಿಂದಿನವು, ಅವನ್ನು ಬರೆಯಲು ಗೋಬೆಲ್ಸ್ ಬೇಕಾಗಿರಲಿಲ್ಲ. ಮನುಷ್ಯನನ್ನು ಆಚೆಗಿಟ್ಟು ಪುಸ್ತಕ ಓದುತ್ತೇನೆ ಎನ್ನುವವರಿಗೆ ಅಲ್ಲಿ ಒಂದಿಷ್ಟಾದರೂ ಜಾಗವಿದೆ. ಕಪೋಟಿಯ ವಿಷಯದಲ್ಲಿ ಆ ಜಾಗವಿಲ್ಲ. ನೀವು ಮೆಚ್ಚಿದ ಪುಟಗಳು ಅದೇ ಬೆಣ್ಣೆಮಾತಿನಿಂದ, ಅದೇ ಚಮಚದಿಂದ ಬಂದವು. ಪೆರಿ ಆ ರಾತ್ರಿ ಏನಾಯಿತೆಂದು ಬಾಯಿಬಿಡುವ ಪುಟಗಳನ್ನು ಉಳಿಸಿಕೊಂಡು, ಅವನ ಬಾಯಿ ಬಿಡಿಸಿದವನನ್ನು ಹೊರಗೆ ಕಳಿಸಲು ಬರುವುದಿಲ್ಲ.

ನಿಮ್ಮ ಮೇಲೆ ನಿಮಗೆ ಸಿಟ್ಟು ಬೇಡ. ಮೋಡಿ ಮಾಡುವವನ ಮೋಡಿಗೆ ಒಳಗಾದಿರಿ, ಅಷ್ಟೇ. ಕೊಲೆಯ ತನಿಖೆ ನಡೆಸಿದ ಆಲ್ವಿನ್ ಡ್ಯೂಯಿಯಂಥ ಅನುಭವಿ ಅಧಿಕಾರಿಯೂ ಅವನನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿದ. ಸಿನಿಮಾದಲ್ಲಿ ಪುಸ್ತಕದ ಹೆಸರು ಕೇಳಿ ಡ್ಯೂಯಿ ಚುಚ್ಚುವ ಮಾತು ನೆನಪಿರಬಹುದು: ಈ ತಣ್ಣನೆಯ ರಕ್ತ ಕೊಲೆಯದೋ, ಕೊಲೆಗಾರರ ಜೊತೆ ಇನ್ನೂ ಮಾತನಾಡುತ್ತಿರುವ ನಿನ್ನದೋ? ಅದೇ ಹೆಸರಿನ ಬಗ್ಗೆ ಪೆರಿ ಕೇಳಿದಾಗ ಮಾತ್ರ, ಅದು ತಾನಿಟ್ಟದ್ದೇ ಅಲ್ಲ ಎಂದು ಕಪೋಟಿ ಕಣ್ಣಿಗೆ ಮಣ್ಣೆರಚುತ್ತಾನೆ.

ಈ ಗದ್ದಲದಲ್ಲಿ ಕ್ಲಟರ್ ಕುಟುಂಬದವರು ಎಲ್ಲಿ ಹೋದರು ಎಂದು ಕೇಳಬೇಕೆನಿಸುತ್ತದೆ. ಸಿನಿಮಾದಲ್ಲಿ ಅವರು ಶವಪೆಟ್ಟಿಗೆಗಳಲ್ಲಿ, ಒಂದಷ್ಟು ಚಿತ್ರಗಳಲ್ಲಿ ಬಂದುಹೋಗುತ್ತಾರೆ. ಪುಸ್ತಕದಲ್ಲಿ ಅವರಿಗೆ ಒಂದು ಇಡೀ ದಿನವಿದೆ, ನ್ಯಾನ್ಸಿ ಪಕ್ಕದ ಹುಡುಗಿಗೆ ಚೆರಿ ಹಣ್ಣಿನ ಕಡುಬು ಮಾಡಲು ಕಲಿಸುವಷ್ಟು ಸಮಯವಿದೆ. ಆ ದಿನವನ್ನು ಅವರಿಗೆ ಕೊಟ್ಟವನು ನಿಮ್ಮ ಈ ಸುಳ್ಳುಗಾರನೇ.

ಹಾಗಾಗಿ ನಾಲ್ಕನೆಯ ಬಾರಿ ಓದಿ. ಈ ಸಲ ಕೈಯಲ್ಲಿ ಪೆನ್ಸಿಲ್ ಇರಲಿ. ಯಾರಾದರೂ ಮನಸ್ಸು ಬಿಚ್ಚಿ ಮಾತನಾಡಿದಲ್ಲೆಲ್ಲ, ಇದನ್ನು ಕೇಳಲು ಎದುರಿಗೆ ಕೂತಿದ್ದವನು ಏನು ಕೊಟ್ಟು ಪಡೆದ ಎಂದು ಅಂಚಿನಲ್ಲಿ ಒಂದು ಗುರುತು ಹಾಕಿ. ತಾನು ಕೇಳಿದ ಮಾತಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೆನಪಿಟ್ಟುಕೊಳ್ಳಬಲ್ಲೆ ಎಂದು ಕೊಚ್ಚಿಕೊಳ್ಳುತ್ತಿದ್ದವನು ಅವನು. ಸಂದರ್ಶನದ ವೇಳೆ ಟಿಪ್ಪಣಿ ಮಾಡಿಕೊಳ್ಳುತ್ತಿರಲಿಲ್ಲ, ಧ್ವನಿಮುದ್ರಣವೂ ಇಲ್ಲ. ಕೊನೆಯ ಪುಟಗಳಿಗೆ ಬಂದಾಗ ಸ್ವಲ್ಪ ನಿಲ್ಲಿ. ಡ್ಯೂಯಿ ಸ್ಮಶಾನದಲ್ಲಿ ಕ್ಲಟರ್ ಕುಟುಂಬದ ಸಮಾಧಿಗಳ ಬಳಿ ನ್ಯಾನ್ಸಿಯ ಗೆಳತಿಯನ್ನು ಭೇಟಿಯಾಗುತ್ತಾನೆ, ಎರಡು ಮಾತಾಡುತ್ತಾರೆ, ಹುಡುಗಿ ಅವಸರದಲ್ಲಿ ಹೊರಟುಹೋಗುತ್ತಾಳೆ, ಗೋಧಿಯ ಹೊಲಗಳ ಮೇಲೆ ಗಾಳಿ ಬೀಸುತ್ತದೆ. ಬಹಳ ಜನರ ಕಣ್ಣು ತೇವವಾಗುವುದು ಅಲ್ಲಿಯೇ, ನಿಮ್ಮದೂ ಆಗಿರಬೇಕು. ಆ ಭೇಟಿ ನಡೆದೇ ಇರಲಿಲ್ಲ. ಗಲ್ಲಿನಿಂದ ಪುಸ್ತಕ ಮುಗಿಸಲು ಮನಸ್ಸು ಬಾರದೆ ಅದನ್ನು ಕಪೋಟಿ ಹೊಸೆದ ಎಂದು ಅವನ ಜೀವನಚರಿತ್ರೆ ಬರೆದ ಜೆರಾಲ್ಡ್ ಕ್ಲಾರ್ಕ್ ದಾಖಲಿಸಿದ್ದಾರೆ, ನೀವು ನೋಡಿದ ಸಿನಿಮಾಕ್ಕೆ ಆಧಾರವಾದದ್ದೂ ಅದೇ ಪುಸ್ತಕ. ಪ್ರತಿ ಅಕ್ಷರವೂ ನಿಜ ಎಂದು ಲೇಖಕ ಸಾರಿದ್ದ ಪುಸ್ತಕದ ಕೊನೆಯ ದೃಶ್ಯ ಹೀಗೆ ಕಟ್ಟಿದ್ದು. ಇದು ಗೊತ್ತಾದ ಮೇಲೂ ನಾನು ಆ ಪುಟವನ್ನು ಮತ್ತೆ ಓದಿದ್ದೇನೆ. ಗೋಧಿಯ ಮೇಲಿನ ಗಾಳಿ ಈಗಲೂ ಕೇಳಿಸುತ್ತದೆ, ಅದರ ಜೊತೆಗೆ ಈಗ ಟೈಪ್‌ರೈಟರಿನ ಸದ್ದೂ ಕೇಳಿಸುತ್ತದೆ.